ಮಸ್ಕಿಯ ಗಾರ್ಡ್ ಎಲ್ಲಿಯವರೆಗೆ ಹೋಗಬಲ್ಲ?

ಕಳೆದ ಚಳಿಗಾಲದಲ್ಲಿ ಸಿಂಧನೂರಿಗೆ ಹೋಗಿದ್ದಾಗ ಹಳೆಯ ಪರಿಚಿತರೊಬ್ಬರ ಒತ್ತಾಯಕ್ಕೆ ಮಣಿದು ಕಾಲೇಜು ಮೈದಾನವೊಂದರಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯ ನೋಡಲು ಕುಳಿತೆ. ಸಿಮೆಂಟಿನ ಅಂಕಣ, ಬಲೆಯಿಲ್ಲದ ರಿಂಗು, ಭತ್ತದ ಕಟಾವು ನಡೆದಿದ್ದರಿಂದ ಗಾಳಿಯ ತುಂಬ ಹೊಟ್ಟಿನ ಧೂಳು. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ನಾಲ್ಕಾರು ಕಾಲೇಜುಗಳ ಹುಡುಗರು ಆಡುತ್ತಿದ್ದರು. ಮಸ್ಕಿಯಿಂದ ಬಂದಿದ್ದ ತಂಡದಲ್ಲಿ ಗಾರ್ಡ್ ಸ್ಥಾನದಲ್ಲಿ ಆಡುತ್ತಿದ್ದ ಹುಡುಗನೊಬ್ಬನ ಮೇಲಿಂದ ನನ್ನ ಕಣ್ಣು ಕದಲಲಿಲ್ಲ. ಎತ್ತರ ಐದಡಿ ಎಂಟು ಅಂಗುಲ ಇದ್ದರೆ ಹೆಚ್ಚು. ಆದರೆ ಚೆಂಡು ಅವನ ಕೈಗೆ ಬಂದೊಡನೆ ಆಟದ ಗತಿಯೇ ಬದಲಾಗುತ್ತಿತ್ತು. ಎದುರಾಳಿಗಳು ಓಡಿ ಬಂದಾಗ ಅವನು ನಿಧಾನಿಸುತ್ತಿದ್ದ. ಅವರು ನಿಂತಾಗ ನುಗ್ಗುತ್ತಿದ್ದ. ತನ್ನ ಸಂಗಡಿಗ ಎಲ್ಲಿಗೆ ಬರುತ್ತಾನೆ ಎಂಬುದು ಆ ಸಂಗಡಿಗನಿಗೆ ಹೊಳೆಯುವ ಮೊದಲೇ ಇವನಿಗೆ ಹೊಳೆದಿರುತ್ತಿತ್ತು. ಅವನ ತಂಡ ನಾಲ್ಕು ಅಂಕಗಳಿಂದ ಸೋತಿತು.

ಪಂದ್ಯ ಮುಗಿದ ಮೇಲೆ ದೈಹಿಕ ಶಿಕ್ಷಣ ನಿರ್ದೇಶಕರು ಅವನನ್ನು ನನ್ನ ಬಳಿಗೆ ಕರೆತಂದರು. ಹಿಂದೊಮ್ಮೆ ಅಧಿಕಾರದಲ್ಲಿದ್ದವರು ಎಲ್ಲದಕ್ಕೂ ಉತ್ತರ ಬಲ್ಲರೆಂಬ ನಂಬಿಕೆ ನಮ್ಮ ಕಡೆ ಇನ್ನೂ ಉಳಿದಿದೆ. ಹುಡುಗ ನೇರವಾಗಿ ಕೇಳಿದ: ‘ಸರ್, ಇದರಾಗ ಮುಂದ ಏನರ ಆಗ್ತೈತೇನ್ರಿ? ಇಲ್ಲಾ ಪಿಡಿಓ ಪರೀಕ್ಷೆಗೆ ಓದ್ಲೇನ್ರಿ?’ ಬಿ.ಎ. ಕೊನೆಯ ವರ್ಷ, ತಂದೆಗೆ ಕಾಲುವೆಯ ಕೊನೆಯ ಭಾಗದಲ್ಲಿ, ನೀರು ಬಂದರೆ ಬಂತು ಎನ್ನುವಂತಹ ಮೂರು ಎಕರೆ. ಆ ದಿನ ನಾನು ಜಾರಿಕೆಯ ಉತ್ತರ ಕೊಟ್ಟು ಬಂದೆ. ಪ್ರಶ್ನೆ ಮಾತ್ರ ಬೆನ್ನು ಬಿಡಲಿಲ್ಲ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಎತ್ತರವನ್ನು ಅಳತೆಪಟ್ಟಿಯಿಂದ ಅಳೆಯಬಹುದು. ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ ಏಳಡಿಗೂ ಮಿಕ್ಕಿದ ಎತ್ತರದ ಹುಡುಗ. ಅವನನ್ನು ಗುರುತಿಸಲು ಪಂದ್ಯ ನೋಡಬೇಕಾದ ಅಗತ್ಯವೂ ಇರಲಿಲ್ಲ. 2015ರಲ್ಲಿ ಅಮೆರಿಕದ ಎನ್‌ಬಿಎ ಆಯ್ಕೆ ಪ್ರಕ್ರಿಯೆಯಲ್ಲಿ ಡಲ್ಲಾಸ್ ತಂಡ ಅವನನ್ನು 52ನೆಯವನಾಗಿ ಆರಿಸಿಕೊಂಡಿತು. ಹಾಗಿದ್ದೂ ಎನ್‌ಬಿಎಯ ಒಂದು ಪಂದ್ಯವನ್ನೂ ಆಡುವ ಅವಕಾಶ ದೊರೆಯದೆ ಅವನು ಕೊನೆಗೆ ವೃತ್ತಿಪರ ಕುಸ್ತಿಯ ಅಖಾಡಕ್ಕೆ ಹೋದ. ಗಾರ್ಡ್‌ನ ಸಾಮರ್ಥ್ಯದ ಮಾತೇ ಬೇರೆ. ಅದು ತೀರ್ಮಾನ ಶಕ್ತಿ. ಅದನ್ನು ತಿಳಿಯಲು ಹತ್ತಾರು ಪಂದ್ಯಗಳನ್ನು ಕುಳಿತು ನೋಡಬೇಕು. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಮಾಹಿತಿಯ ವೆಚ್ಚ ಅಧಿಕ. ವೆಚ್ಚ ಅಧಿಕವಾದಲ್ಲಿ ಆಯ್ಕೆದಾರರು ಬರುವುದಿಲ್ಲ.

ಇದು ನಮ್ಮ ಹಿಂದುಳಿದ ಪ್ರದೇಶದ ರೋಗವಷ್ಟೇ ಅಲ್ಲ. ಹಾರ್ವರ್ಡ್‌ನಂಥ ವಿಶ್ವವಿದ್ಯಾಲಯದಲ್ಲಿ ಆಡಿದ ಜೆರೆಮಿ ಲಿನ್‌ನನ್ನು 2010ರಲ್ಲಿ ಯಾವ ತಂಡವೂ ಆರಿಸಲಿಲ್ಲ. 2011ರ ಡಿಸೆಂಬರ್ ಒಂದರಲ್ಲೇ ಎರಡು ತಂಡಗಳು ಅವನನ್ನು ಕೈಬಿಟ್ಟವು. ನ್ಯೂಯಾರ್ಕ್ ತಂಡದಲ್ಲಿ ಬೇರೆಯವರು ಗಾಯಗೊಂಡಿದ್ದರಿಂದ 2012ರ ಫೆಬ್ರುವರಿಯಲ್ಲಿ ಅವನಿಗೆ ಅವಕಾಶ ಒದಗಿತು. ಕೆಲವೇ ದಿನಗಳಲ್ಲಿ ಲೇಕರ್ಸ್ ವಿರುದ್ಧ 38 ಅಂಕ ಗಳಿಸಿದ. ಅವನ ಎತ್ತರ ಆರಡಿ ಮೂರು ಅಂಗುಲ, ಅಲ್ಲಿಯ ಲೆಕ್ಕದಲ್ಲಿ ಗಿಡ್ಡನೇ. ಹಾರ್ವರ್ಡ್‌ನಲ್ಲಿದ್ದವನೇ ಕಣ್ಣಿಗೆ ಬೀಳದಿದ್ದರೆ ಮಸ್ಕಿಯಲ್ಲಿರುವವನ ಪಾಡೇನು?

(ಮಸ್ಕಿಯ ಮಾತು ಬಂದದ್ದರಿಂದ ಒಂದು ಸಂಗತಿ ನೆನಪಾಗುತ್ತದೆ. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದಕ್ಕೆ ಶಾಸನದ ಪುರಾವೆ ಒದಗಿಸಿದ ಬಂಡೆ ಆ ಊರಿನ ಗುಡ್ಡದಲ್ಲಿದೆ. 1915ರಲ್ಲಿ ಅದನ್ನು ಪತ್ತೆ ಮಾಡಿದವನು ಚಿನ್ನದ ನಿಕ್ಷೇಪ ಹುಡುಕಿಕೊಂಡು ಬಂದಿದ್ದ ಬೀಡನ್ ಎಂಬ ಎಂಜಿನಿಯರ್. ಅಲ್ಲಿಯವರೆಗೆ ಕುರಿಗಾಹಿಗಳ ಕಣ್ಣಿಗೆ ಅದು ಬಂಡೆಯಾಗಿಯೇ ಇದ್ದಿರಬೇಕು.)

ಇನ್ನು ಜೀವನೋಪಾಯದ ಪ್ರಶ್ನೆ. ಅರ್ಥಶಾಸ್ತ್ರಜ್ಞ ಶೆರ್ವಿನ್ ರೋಸೆನ್ 1981ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದರ ತಿರುಳೆಂದರೆ, ದೊಡ್ಡ ಮಾರುಕಟ್ಟೆಯಲ್ಲಿ ಪ್ರತಿಭೆಯ ಅಲ್ಪ ಅಂತರವೂ ಆದಾಯದಲ್ಲಿ ಅಗಾಧ ಅಂತರವಾಗಿ ಪರಿಣಮಿಸುತ್ತದೆ. ಭಾರತದ ಬ್ಯಾಸ್ಕೆಟ್‌ಬಾಲ್‌ಗೆ ಆ ಮಾರುಕಟ್ಟೆಯೇ ಇಲ್ಲ. ಬೆಂಗಳೂರಿನ ತಂಡವೂ ಇದ್ದ ಯುಬಿಎ ಲೀಗ್ 2015ರಲ್ಲಿ ಆರಂಭವಾಗಿ 2017ಕ್ಕೆ ನಿಂತುಹೋಯಿತು. 2022ರಲ್ಲಿ ಫೆಡರೇಷನ್ ಆರಂಭಿಸಿದ ಐಎನ್‌ಬಿಎಲ್‌ನಿಂದ ಆಟಗಾರರು ಮನೆ ನಡೆಸುವ ಮಟ್ಟಕ್ಕೆ ಬೆಳೆಯಬೇಕಾದರೆ ದಾರಿ ದೂರವಿದೆ. ಭಾರತ ತಂಡವನ್ನು ವರ್ಷಗಟ್ಟಲೆ ಮುನ್ನಡೆಸಿದ ವಾರಾಣಸಿಯ ವಿಶೇಷ್ ಭೃಗುವಂಶಿಯನ್ನೇ ನೋಡಿ. ಅವರೂ ಗಾರ್ಡ್. 2017ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ತಂಡ ಅವರೊಡನೆ ಒಪ್ಪಂದ ಮಾಡಿಕೊಂಡಿತು. ಆದರೆ ಬೇಗನೆ ಬಿಟ್ಟುಕೊಟ್ಟಿತು. 2020ರ ಅರ್ಜುನ ಪ್ರಶಸ್ತಿ ಬಂದಾಗಲೂ ಅವರ ಅನ್ನದ ದಾರಿ ಒಎನ್‌ಜಿಸಿಯ ನೌಕರಿಯೇ ಆಗಿತ್ತು.

ಕಬಡ್ಡಿಯಲ್ಲಿ ಸ್ಥಿತಿ ಬದಲಾದದ್ದು ನಮ್ಮ ಕಣ್ಣೆದುರಿಗೇ. 2014ರ ಮೊದಲ ಪ್ರೊ ಕಬಡ್ಡಿ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ ಪಡೆದ ರಾಕೇಶ್ ಕುಮಾರ್‌ಗೆ ಸಂದದ್ದು 12.80 ಲಕ್ಷ ರೂಪಾಯಿ. 2023ರಲ್ಲಿ ಪವನ್ ಸೆಹ್ರಾವತ್‌ಗೆ 2.60 ಕೋಟಿ ದಾಟಿತು. ಪ್ರೇಕ್ಷಕರು ಹೆಚ್ಚಿದಂತೆ ಆಟಗಾರರನ್ನು ಹುಡುಕುವವರೂ ಹೆಚ್ಚಿದರು.

ಹಾಗಾದರೆ ರಾಯಚೂರು ಜಿಲ್ಲೆಯಿಂದ ಹೊರಟು ಆಟದಲ್ಲೇ ಬದುಕು ಕಟ್ಟಿಕೊಂಡವರು ಇಲ್ಲವೆ? ಇದ್ದಾರೆ. 1971ರಲ್ಲಿ ರಾಯಚೂರಿನಲ್ಲಿ ಜನಿಸಿದ ಯೆರೆ ಗೌಡರು ತೊಂಬತ್ತರ ದಶಕದಲ್ಲಿ ಕರ್ನಾಟಕದ ಪರ ರಣಜಿ ಕ್ರಿಕೆಟ್‌ಗೆ ಕಾಲಿಟ್ಟರು. 1995–96ರಿಂದ ನಾಲ್ಕು ವರ್ಷಗಳಲ್ಲಿ ಮೂರು ಬಾರಿ ರಣಜಿ ಗೆದ್ದ ತಂಡವದು. ಅದರ ಬ್ಯಾಟಿಂಗ್ ಸಾಲಿನಲ್ಲಿ ನೆಲೆಯೂರುವುದು ಸುಲಭವಿರಲಿಲ್ಲ. ಅವರು ರೈಲ್ವೆ ತಂಡಕ್ಕೆ ಹೋದರು. 2001–02ರಲ್ಲಿ ಮೊದಲ ಬಾರಿಗೆ, 2004–05ರಲ್ಲಿ ಎರಡನೆಯ ಬಾರಿಗೆ ರೈಲ್ವೆ ರಣಜಿ ಟ್ರೋಫಿ ಗೆದ್ದಾಗ ಅದರ ಮಧ್ಯಮ ಕ್ರಮಾಂಕಕ್ಕೆ ಆಧಾರವಾಗಿದ್ದವರು ಇವರು. ಪ್ರಥಮ ದರ್ಜೆಯಲ್ಲಿ ಏಳು ಸಾವಿರಕ್ಕೂ ಮಿಕ್ಕಿ ರನ್ ಗಳಿಸಿದರು. ಮುಂದೆ ಕರ್ನಾಟಕಕ್ಕೇ ಮರಳಿ ನಾಯಕರಾದರು, ಬಳಿಕ ತರಬೇತುದಾರರೂ ಆದರು. ಭಾರತ ತಂಡದ ಕರೆ ಬರಲಿಲ್ಲ. ಅದು ವೈಫಲ್ಯವೆಂದು ಯಾರಾದರೂ ಅಂದರೆ ನಾನು ಒಪ್ಪಲಾರೆ.

ಆದರೆ ಗೌಡರಿಗಿದ್ದ ಎರಡು ಅನುಕೂಲಗಳು ಮಸ್ಕಿಯ ಹುಡುಗನಿಗಿಲ್ಲ. ಒಂದು, ರಾಜ್ಯ ಕ್ರಿಕೆಟ್ ಸಂಸ್ಥೆಗೆ ರಾಯಚೂರು ವಲಯವೆಂಬ ಪ್ರತ್ಯೇಕ ವಲಯವಿದೆ. ಅಲ್ಲಿ ಆಡಿದವನ ಅಂಕಿಗಳು ಬೆಂಗಳೂರಿಗೆ ತಲುಪುತ್ತವೆ. ಇನ್ನೊಂದು, ರೈಲ್ವೆಯ ಬಾಗಿಲು ತಟ್ಟುವ ಮುನ್ನ ಅವರು ರಾಜ್ಯಕ್ಕೆ ಆಡಿಯಾಗಿತ್ತು. ಕ್ರೀಡಾ ಕೋಟಾದ ನೌಕರಿಗೆ ರಾಷ್ಟ್ರೀಯ ಅಥವಾ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಮಟ್ಟದ ಸಾಧನೆಯ ಪ್ರಮಾಣಪತ್ರ ಬೇಕು. ಆ ಪತ್ರ ಬೇಕಾದರೆ ಮೊದಲು ಯಾರಾದರೂ ಆರಿಸಬೇಕು; ಆರಿಸಬೇಕಾದರೆ ನೋಡಬೇಕು. ಬ್ಯಾಸ್ಕೆಟ್‌ಬಾಲ್‌ನ ಬಲವಾದ ಕ್ಲಬ್‌ಗಳಿರುವುದು ಬೆಂಗಳೂರು, ಮೈಸೂರು, ಮಂಗಳೂರುಗಳಂಥ ಊರುಗಳಲ್ಲಿ. ಸಿಂಧನೂರಿನಿಂದ ಕಂಠೀರವ ಕ್ರೀಡಾಂಗಣಕ್ಕೆ ಇಡೀ ರಾತ್ರಿಯ ಬಸ್ ಪ್ರಯಾಣ. ಹೋಗಿಬರುವ ಖರ್ಚು, ತಂಗುವ ಖರ್ಚು ಆ ಮೂರು ಎಕರೆಯಿಂದಲೇ ಹುಟ್ಟಬೇಕು.

ಸಂವಿಧಾನದ 371(ಜೆ) ವಿಧಿ ಕಲ್ಯಾಣ ಕರ್ನಾಟಕದ ಯುವಕರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ತಂದಿತು. ರಾಜ್ಯ ತಂಡದ ಆಯ್ಕೆಗೂ ಮೀಸಲಾತಿ ಬೇಕೆಂದು ನಾನು ಕೇಳುತ್ತಿಲ್ಲ. ಆಟದಲ್ಲಿ ಅದು ಸಲ್ಲದು. ಆದರೆ ವರ್ಷಕ್ಕೊಮ್ಮೆ ಆಯ್ಕೆದಾರರಿಬ್ಬರು ಈ ಕಡೆಗೆ ಬಂದು ನಾಲ್ಕು ದಿನ ಅಂತರ ಕಾಲೇಜು ಪಂದ್ಯ ನೋಡಿ ಹೋಗುವುದಕ್ಕೆ ಎಷ್ಟು ಹಣ ಬೇಕು? ಕ್ರೀಡಾಂಗಣವೊಂದರ ಗ್ಯಾಲರಿಗೆ ಬಣ್ಣ ಹೊಡೆಯುವ ಖರ್ಚೂ ಆಗಲಿಕ್ಕಿಲ್ಲ. ಇದನ್ನು ನಾನು ಅಪರಾಧ ಪ್ರಜ್ಞೆಯಿಂದಲೇ ಹೇಳುತ್ತಿದ್ದೇನೆ. ಸೇವೆಯಲ್ಲಿದ್ದಾಗ ತಾಲ್ಲೂಕು ಕ್ರೀಡಾಂಗಣಗಳ ಗ್ಯಾಲರಿ, ಕಾಂಪೌಂಡು, ಕಮಾನುಗಳ ಅಂದಾಜು ಪಟ್ಟಿಗಳಿಗೆ ನಾನೂ ಸಹಿ ಹಾಕಿದ್ದೇನೆ. ತರಬೇತುದಾರನ ಹುದ್ದೆ ಎಲ್ಲಿ ಎಂದು ಕಡತದ ಅಂಚಿನಲ್ಲಿ ಒಮ್ಮೆಯೂ ಬರೆಯಲಿಲ್ಲ. ಕಟ್ಟಡಕ್ಕೆ ಉದ್ಘಾಟನೆಯಿದೆ, ತರಬೇತುದಾರನಿಗೆ ಇಲ್ಲ.

ಎನ್‌ಬಿಎಯ ಕನಸು ಆ ಹುಡುಗನಿಗೂ ಇಲ್ಲ. ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಆಟದ ಬಲದಿಂದ ನೌಕರಿ ಹಿಡಿದು ಹತ್ತು ವರ್ಷ ಆಡುವುದನ್ನು ವೃತ್ತಿ ಎಂದು ಒಪ್ಪಿದರೆ ಅದು ಅವನಿಗೆ ಎಟುಕದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಗಾರ್ಡ್‌ಗೆ ಭಾರತದ ಮಟ್ಟದಲ್ಲಿ ಐದಡಿ ಎಂಟು ಅಂಗುಲ ತೊಡಕು ಹೌದು, ತಡೆಯಲ್ಲ. ಇಪ್ಪತ್ತೊಂದು ದಾಟಿದ ವಯಸ್ಸೇ ಹೆಚ್ಚಿನ ಅಡಚಣೆ. ಎರಡು ವರ್ಷ, ಹೆಚ್ಚೆಂದರೆ ಮೂರು. ಅಷ್ಟರೊಳಗೆ ವಿಶ್ವವಿದ್ಯಾಲಯದ ತಂಡಕ್ಕೋ ರಾಜ್ಯದ ತಂಡಕ್ಕೋ ಸೇರದಿದ್ದರೆ ದಾರಿ ಮುಚ್ಚಿತು. ಇದನ್ನೆಲ್ಲ ಬರೆದು ದೈಹಿಕ ಶಿಕ್ಷಣ ನಿರ್ದೇಶಕರ ವಿಳಾಸಕ್ಕೆ ಕಳುಹಿಸಿದೆ. ಪಿಡಿಓ ಪುಸ್ತಕಗಳನ್ನು ಮಾರಬೇಡ ಎಂದೂ ಸೇರಿಸಿದ್ದೆ.

ಕಳೆದ ವಾರ ಹುಡುಗನೇ ಫೋನ್ ಮಾಡಿದ. ಪರೀಕ್ಷೆಗೆ ಓದುವುದನ್ನು ಬಿಟ್ಟಿಲ್ಲವಂತೆ. ಬೆಂಗಳೂರಿನ ಕ್ಲಬ್ಬೊಂದು ಹೊಸ ಆಟಗಾರರನ್ನು ನೋಡಲಿದೆ ಎಂದು ಯಾರೋ ತಿಳಿಸಿದರಂತೆ. ಶನಿವಾರ ರಾತ್ರಿ ಬಸ್ ಹತ್ತಿದರೆ ಭಾನುವಾರ ಬೆಳಿಗ್ಗೆ ಅಂಕಣದಲ್ಲಿರಬಹುದು. ‘ಸ್ನಾನಕ್ಕ ನಿಮ್ಮ ಮನೀಗೆ ಬರಬಹುದೇನ್ರಿ ಸರ್?’ ಎಂದ. ಮೆಜೆಸ್ಟಿಕ್‌ನಿಂದ ಯಾವ ಬಸ್ ಹಿಡಿಯಬೇಕೆಂದು ಹೇಳಿದ್ದೇನೆ.