ಪಾಠ ಫೋನಿಗೆ ಬರುತ್ತೆ, ಊರಿನ ನೋವು ಬರುತ್ತಾ?

ಪಾವಗಡದಿಂದ ತುಮಕೂರಿಗೆ ಹತ್ತಿರ ಹತ್ತಿರ 100 ಕಿಲೋಮೀಟರು. ಎಂ.ಎಸ್.ಡಬ್ಲ್ಯು., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದುವ ಶಿರಾ, ಮಧುಗಿರಿ, ಕೊರಟಗೆರೆಯವರಿಗೂ ಬಸ್ ಕಾಯೋದು ತಪ್ಪಿದ್ದಲ್ಲ.

2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಹುಟ್ಟಿತು. ಅದೇ ವರ್ಷ ಇಸ್ರೋ ಪಾಠಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. 2017ರಲ್ಲಿ ಕೇಂದ್ರ ಸರ್ಕಾರದ ‘ಸ್ವಯಂ’ ಬಂತು. 2020ರ ಲಾಕ್‌ಡೌನಿನಲ್ಲಿ ಕಾಲೇಜೇ ಫೋನಿನೊಳಗೆ ಬಂದು ಕೂತಿತು. ಈಗ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೂ ಪಾಠ ಕೇಳಬಹುದು. ಟಿಕೆಟ್ ದುಡ್ಡು ಉಳಿದರೆ ಸಂತೋಷವೇ.

ಆದರೆ ಈ ಪದವಿಯ ಜೀವಾಳ ಕ್ಷೇತ್ರಕಾರ್ಯ. ದೂರಶಿಕ್ಷಣದ ಇಗ್ನೋ ಕೂಡ ಅದನ್ನು ಬಿಟ್ಟಿಲ್ಲ. ಪಾವಗಡದ ಬೋರ್‌ವೆಲ್ ನೀರಿನ ಫ್ಲೋರೈಡು ಹಲ್ಲು ಕೆಡಿಸುತ್ತೆ, ಮೂಳೆ ಬಗ್ಗಿಸುತ್ತೆ. ಅಷ್ಟನ್ನು ಫೋನು ಹೇಳೀತು. ಯಾವ ಮನೆಯ ಅಜ್ಜಿ ಶುದ್ಧನೀರಿನ ಘಟಕದ ತನಕ ನಡೆಯಲಾರಳು ಅಂತ ಹೇಳೀತೆ? ಅದಕ್ಕೆ ಹಟ್ಟಿಗೇ ಹೋಗಬೇಕು, ಜಗಲಿ ಮೇಲೆ ಕೂರಬೇಕು, ಕೇಳಿದ್ದನ್ನು ಬರೆದು ಗುರುಗಳಿಗೆ ತೋರಿಸಬೇಕು.

ಫೋನಿನ ಕೆಲಸ ಇಷ್ಟೇ: ಬಸ್ಸಿನಲ್ಲಿ ಕಳೆಯುತ್ತಿದ್ದ ಹೊತ್ತನ್ನು ಹಳ್ಳಿಗೆ ಉಳಿಸಿಕೊಡೋದು, ಅಲ್ಲಿ ದಾರಿ ಕಾಣದ ವಿದ್ಯಾರ್ಥಿಗೆ ಅವತ್ತು ಸಂಜೆಯೇ ಗುರುಗಳ ಸಲಹೆ ಕೊಡಿಸೋದು. ಉಳಿದ ಹೊತ್ತೂ ಫೋನಿಗೇ ಹೋದರೆ ಪದವಿ ಸಿಗುತ್ತೆ, ಊರಿಗೆ ಕಾರ್ಯಕರ್ತ ಸಿಗೋದಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂದವರು ದಡ್ಡರಲ್ಲ.