ಸೆರೆಮನೆಯಲ್ಲಿ ಮೇಳದ ಹಾಡು

ನಮ್ಮ ತಾಳವಾಡಿ ಸೀಮೆಯಲ್ಲಿ ಮಾದೇಶ್ವರನ ಕಥೆ ಹಾಡುವ ಕಂಸಾಳೆಯವರನ್ನು ನೀವೆಲ್ಲ ನೋಡಿದ್ದೀರಿ. ಮುಂದಾಳು ಸೊಲ್ಲೆತ್ತುತ್ತಾನೆ, ಹಿಮ್ಮೇಳದವರು ಅದನ್ನು ಹಿಡಿದು ಹಾಡುತ್ತಾರೆ. ಒಬ್ಬನ ತಾಳ ತಪ್ಪಿದರೂ ಇಡೀ ಮೇಳ ಕೆಡುತ್ತದೆ. ಆದ್ದರಿಂದ ಪ್ರತಿಯೊಬ್ಬನೂ ಪಕ್ಕದವನಿಗೆ ಕಿವಿಗೊಡಲೇಬೇಕು.

ಸೆರೆಮನೆಯಲ್ಲಿ ಬೇಕಾದುದೂ ಇದೇ. ಅಲ್ಲಿ ಕೈದಿಗೆ ಸಂಖ್ಯೆಯೇ ಗುರುತು. ಒಬ್ಬರಲ್ಲೊಬ್ಬರಿಗೆ ನಂಬಿಕೆ ಹುಟ್ಟುವುದು ಕಷ್ಟ. ರಂಗಸಂಗೀತಕ್ಕೆ ಹೆಸರಾದ ಬಿ. ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ಕಟ್ಟಿದ ರಂಗಾಯಣದ ಕಲಾವಿದರಾದ ಹುಲುಗಪ್ಪ ಕಟ್ಟೀಮನಿಯವರು ಕರ್ನಾಟಕದ ಕಾರಾಗೃಹಗಳಲ್ಲಿ ಕೈದಿಗಳಿಗೆ ನಾಟಕ ಕಲಿಸಿದರು. (ನಮ್ಮ ನಾಟಕವೆಂದರೆ ಮಾತಿನಷ್ಟೇ ಮೇಳದ ಹಾಡೂ ಹೌದಲ್ಲವೆ?) ಜೀವಾವಧಿ ಶಿಕ್ಷೆಯವರು ಪೊಲೀಸ್ ಕಾವಲಿನಲ್ಲಿ ಹೊರಗಿನ ರಂಗಮಂದಿರಗಳಿಗೆ ಬಂದು ಜನರ ಮುಂದೆ ಅಭಿನಯಿಸಿದರು.

ಹಾಡಿದರೆ ಕಳ್ಳ ಸಾಧುವಾಗುವನೇ ಎಂದು ಪೋಷಕರು ಕೇಳಬಹುದು. ಹಾಗೆಂದು ನಾವೂ ಹೇಳೆವು. ಹಾಡು ತಪ್ಪನ್ನು ಅಳಿಸದು. ನೊಂದವರ ದುಃಖವನ್ನೂ ತೀರಿಸದು. ಆದರೆ ಹೊತ್ತಿಗೆ ಸರಿಯಾಗಿ ಬರುವುದು, ಸರದಿಗೆ ಕಾಯುವುದು, ತಪ್ಪಿದಾಗ ಕೋಪಿಸಿಕೊಳ್ಳದೆ ತಿದ್ದಿಸಿಕೊಳ್ಳುವುದು ದಿನದಿನದ ಅಭ್ಯಾಸದಿಂದ ಬರುತ್ತವೆ. ಶಿಕ್ಷೆ ಮುಗಿಸಿ ಬಂದವನಿಗೆ ಕೂಲಿ ಹುಡುಕುವಾಗಲೂ ಇವೇ ಬೇಕು. ಊರ ಭಜನೆಯಲ್ಲಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವವರು ಇದ್ದಾರೆಯೇ ಎಂಬುದು ಮಾತ್ರ ಸೆರೆಮನೆಯವರ ಕೈಯಲ್ಲಿಲ್ಲ.