ಬೀದರಿನ ರೊಟ್ಟಿ ಬೆಂಗಳೂರಲ್ಲಿ ಎಲ್ಲಿ ಸಿಕ್ಕೀತು?

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಈಗ ‘ಉತ್ತರ ಕರ್ನಾಟಕ ಶೈಲಿಯ ಊಟ’ ಎಂಬ ಬೋರ್ಡು ಕಾಣುತ್ತದೆ. ಗಾಂಧಿನಗರದ ಕಾಮತ್ ಯಾತ್ರಿನಿವಾಸ, ಬಸವನಗುಡಿಯ ಕಾಮತ್ ಬ್ಯೂಗಲ್ ರಾಕ್‌ನಂಥ ಹಳೆಯ ಹೆಸರುಗಳಿಂದ ಹಿಡಿದು, ಪೀಜಿಗಳ ಸಾಲಿನಲ್ಲಿ ನಾಲ್ಕು ಟೇಬಲ್ ಹಾಕಿಕೊಂಡ ಬಸವೇಶ್ವರ ಖಾನಾವಳಿಗಳವರೆಗೆ, ರಾಜಧಾನಿಯಲ್ಲಿ ಜೋಳದ ರೊಟ್ಟಿಗೆ ಬರವಿಲ್ಲ. ಆದರೂ ಬೀದರ್, ಭಾಲ್ಕಿ, ಔರಾದ್ ಕಡೆಯಿಂದ ಓದಲಿಕ್ಕೋ ಕೆಲಸಕ್ಕೋ 700 ಕಿ.ಮೀ. ದೂರ ಬಂದವರು ಒಂದೆರಡು ತುತ್ತು ಉಂಡು ‘ಇದು ನಮ್ಮ ಊರಿನ ರೊಟ್ಟಿ ಅಲ್ಲ’ ಎನ್ನುವುದು ತಪ್ಪುವುದಿಲ್ಲ. ಇದನ್ನು ಊರಿನ ಹಂಬಲ ಎಂದು ತಳ್ಳಿಹಾಕುವುದು ಸುಲಭ. ಆದರೆ ಆ ದೂರಿನಲ್ಲಿ ಹುರುಳಿದೆ. ರೊಟ್ಟಿಯ ಅಸಲಿತನಕ್ಕೆ ಗಟ್ಟಿಯಾದ ಕಾರಣಗಳಿವೆ: ಯಾವ ಜೋಳ, ಹಿಟ್ಟು ಬೀಸಿ ಎಷ್ಟು ದಿನವಾಯಿತು, ಬಡಿದ ಕೈ ಯಾರದು. ಈ ಮೂರೂ ಕೂಡಿದರೆ ಬೀದರಿನ ರೊಟ್ಟಿ ಬೆಂಗಳೂರಿನಲ್ಲೇ ಸಿಗುತ್ತದೆ. ಕೂಡದಿದ್ದರೆ ಬೀದರಿನ ಬಸ್ ನಿಲ್ದಾಣದ ಎದುರೂ ಸಿಗುವುದಿಲ್ಲ.

ಇಂಥ ಹುಡುಕಾಟ ನಮ್ಮದೊಂದೇ ಅಲ್ಲ. ನೇಪಲ್ಸ್ ನಗರದವರು ತಮ್ಮ ಪಿಜ್ಜಾ ಹೊರಗೆ ಹೋಗಿ ಕುಲಗೆಡುತ್ತಿದೆ ಎಂದು 1984ರಲ್ಲಿ ಒಂದು ಸಂಘವನ್ನೇ ಕಟ್ಟಿದರು. ಅಡ್ಡಳತೆ 35 ಸೆಂಟಿಮೀಟರ್ ಮೀರಬಾರದು, ಹಿಟ್ಟನ್ನು ಕೈಯಿಂದಲೇ ಹರಡಬೇಕು, ಕಟ್ಟಿಗೆಯ ಒಲೆಯಲ್ಲಿ ಒಂದೂವರೆ ನಿಮಿಷದೊಳಗೆ ಬೇಯಬೇಕು ಎಂದೆಲ್ಲ ಕಟ್ಟಳೆ ಬರೆದಿಟ್ಟರು. 2017ರಲ್ಲಿ ಯುನೆಸ್ಕೊ ಆ ಪಿಜ್ಜಾ ತಟ್ಟುವವರ ಕಲೆಯನ್ನು ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು. ಅತ್ತ ಅಮೆರಿಕದ ನ್ಯೂ ಹೇವನ್‌ನಲ್ಲಿ ಇಟಲಿಯಿಂದ ವಲಸೆ ಬಂದ ಫ್ರಾಂಕ್ ಪೇಪೆ 1925ರಲ್ಲಿ ತೆರೆದ ಅಂಗಡಿ ಇವತ್ತು ಆ ಊರಿನದೇ ಒಂದು ಶೈಲಿಗೆ ಮೂಲವಾಗಿದೆ. ಆ ಊರು ಬಿಟ್ಟವರು ಹೊಸ ನಗರದಲ್ಲಿ ‘ನ್ಯೂ ಹೇವನ್ ಪಿಜ್ಜಾ’ ಹುಡುಕಿಕೊಂಡು ಅಲೆಯುತ್ತಾರೆ. ನಮ್ಮ ರೊಟ್ಟಿಗೆ ಸಂಘವಿಲ್ಲ, ಕಟ್ಟಳೆಯ ಪುಸ್ತಕವಿಲ್ಲ. ಇದ್ದಿದ್ದರೆ ಅದರಲ್ಲಿ ಏನು ಬರೆಯಬೇಕಾಗುತ್ತಿತ್ತು?

ಮೊದಲ ಸಾಲು ನೀರಿನ ಬಗ್ಗೆ ಇರುತ್ತಿತ್ತು. ಗೋಧಿಗೆ ತನ್ನದೇ ಅಂಟಿದೆ. ತಣ್ಣೀರು ಹಾಕಿ ನಾದಿದರೂ ಎಳೆ ಬಿಡದೆ ಕೂಡಿಕೊಳ್ಳುತ್ತದೆ. ಜೋಳಕ್ಕೆ ಗ್ಲುಟೆನ್ ಎಂಬ ಆ ಅಂಟು ಇಲ್ಲ. ಅದಕ್ಕೇ ಕುದಿಯುವ ಎಸರನ್ನು ಹಿಟ್ಟಿನ ನಡುವೆ ಸುರಿಯುವುದು. 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹಿಟ್ಟಿನೊಳಗಿನ ಪಿಷ್ಟ ಅರೆಬೆಂದು ಜಿಗಿ ಬಿಡುತ್ತದೆ, ಆ ಜಿಗಿಯೇ ರೊಟ್ಟಿಯನ್ನು ಹಿಡಿದಿಡುವ ಅಂಟು. ಮುದ್ದೆಯನ್ನು ಒಂದೇ ಸಲ ನಾದಿಟ್ಟರೆ ಸಾಲದು. ಒಂದೊಂದು ರೊಟ್ಟಿಯ ಹಿಟ್ಟನ್ನೂ ಬಡಿಯುವ ಮುನ್ನ ಅಂಗೈಯ ಬುಡದಿಂದ ಮತ್ತೆ ಮಿದಿಯಬೇಕು. ಆಮೇಲೆ ಒಣಹಿಟ್ಟು ಚೆಲ್ಲಿ ಬಲಗೈ ಬಡಿಯುತ್ತದೆ, ಎಡಗೈ ಅಂಚನ್ನು ಕಾಯುತ್ತದೆ. ಚೆನ್ನಾಗಿ ಬಡಿಯುವವರ ಕೈಯಡಿ ರೊಟ್ಟಿ ತಾನೇ ತಿರುಗುತ್ತದೆ, ಅದನ್ನು ಯಾರೂ ತಿರುಗಿಸುವುದಿಲ್ಲ. ಪ್ರತಿ ಬಡಿತವೂ ಒಂದಿಷ್ಟು ಓರೆಯಾಗಿ ಬೀಳುವುದರಿಂದ ಹಾಗಾಗುತ್ತದೆ. ಅಂಚು ನಡುವಿಗಿಂತ ದಪ್ಪವಾಗಕೂಡದು, ಆದರೆ ಹರಿಯಲೂಬಾರದು. ಎರಡೂ ಅಂಗೈ ಮೇಲೆ ಎತ್ತಿ ಹಂಚಿನ ಮೇಲೆ ಒಣಹಿಟ್ಟಿನ ಮೈ ಮೇಲಾಗುವಂತೆ ಹಾಕಿ, ತಕ್ಷಣ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಆ ನೀರು ಒಣಹಿಟ್ಟನ್ನು ತೊಳೆದು ಮೈ ಬಿರಿಯದಂತೆ ನೋಡಿಕೊಳ್ಳುತ್ತದೆ. ನೀರು ಆರುವ ಹೊತ್ತಿಗೆ ಮಗುಚಬೇಕು. ತಡವಾದರೆ ಬಿರುಕು, ಅವಸರವಾದರೆ ಹಂಚಿಗೆ ಅಂಟು. ಕೊನೆಗೆ ಕೆಂಡದ ಮುಂದೆ ಒರಗಿಸಿದಾಗ ಒಳಗಿನ ಹಬೆ ಎರಡು ಪದರ ಬಿಡಿಸಿ ರೊಟ್ಟಿಯನ್ನು ಉಬ್ಬಿಸುತ್ತದೆ. ಉಬ್ಬದ ರೊಟ್ಟಿ ಹಿಟ್ಟಿನ ಬಗ್ಗೆ ಚಾಡಿ ಹೇಳಿದಂತೆಯೇ ಲೆಕ್ಕ.

ಎರಡನೆಯ ಸಾಲು ಗಿರಣಿಯದು. ಜೋಳದ ಕಾಳಿನ ಮೊಳಕೆಯೊಡೆಯುವ ಭಾಗದಲ್ಲಿ ಎಣ್ಣೆಯ ಅಂಶವಿದೆ. ಕಾಳಿನೊಳಗೆ ಇರುವವರೆಗೆ ಅದು ಸುರಕ್ಷಿತ; ಬೀಸಿದೊಡನೆ ಗಾಳಿಗೆ ತೆರೆದುಕೊಂಡು ದಿನ ಕಳೆದಂತೆ ಕಮಟು ಹಿಡಿಯುತ್ತದೆ, ಹಿಟ್ಟು ಕಹಿಯಾಗುತ್ತದೆ, ಜಿಗಿ ಹೋಗುತ್ತದೆ. ಭಾಲ್ಕಿ, ಔರಾದಿನ ಮನೆಗಳಲ್ಲಿ ವಾರಕ್ಕೆ ಆಗುವಷ್ಟೇ ಜೋಳ ಹಸನು ಮಾಡಿ ಗಿರಣಿಗೆ ಒಯ್ಯುವ ರೂಢಿ ಬಂದದ್ದು ಇದಕ್ಕೇ. ಬೆಂಗಳೂರಿನ ಸೂಪರ್‌ಮಾರ್ಕೆಟ್ಟಿನ ಪೊಟ್ಟಣದ ಹಿಟ್ಟಿಗೆ ತಿಂಗಳುಗಳ ವಯಸ್ಸಾಗಿರುತ್ತದೆ. ಅದು ಮುರಿಯುತ್ತದೆಂದು ಗೋಧಿಹಿಟ್ಟು ಬೆರೆಸುತ್ತಾರೆ, ಲಟ್ಟಣಿಗೆ ಹಿಡಿಯುತ್ತಾರೆ. ರೊಟ್ಟಿಯ ಹೆಸರಿನಲ್ಲಿ ತಟ್ಟೆಗೆ ಬರುವುದು ಬಿಳಿಚಿದ ಚಪಾತಿ. ‘ನಮ್ಮ ಊರಿನದಲ್ಲ’ ಎನ್ನುವ ನಾಲಿಗೆ ಗುರುತು ಹಿಡಿಯುವುದು ಇದನ್ನೇ.

ಇನ್ನು ಬಡಿಯುವ ಕೈಯ ಮಾತಿಗೆ ಖಾನಾವಳಿಗೇ ಬರಬೇಕು. ಖಾನಾವಳಿಯ ಚರಿತ್ರೆ ಬರವಣಿಗೆಯಲ್ಲಿ ಸಿಗುವುದು ಕಡಿಮೆ, ಬಾಯಿಮಾತಿನಲ್ಲಿ ಉಳಿದದ್ದೇ ಹೆಚ್ಚು. ಊರು ಬಿಟ್ಟು ಬಂದ ಗಂಡಸರಿಗೆ, ಹುಡುಗರಿಗೆ ತಿಂಗಳ ಲೆಕ್ಕದಲ್ಲಿ ಎರಡು ಹೊತ್ತು ಉಣಬಡಿಸುವ ಮನೆ ಎಂಬುದು ಅದರ ಮೂಲ ರೂಪ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾಕರಿ, ಅಂದರೆ ಮರಾಠಿಯವರ ರೊಟ್ಟಿ, ಬಡಿದು ಹಾಕುತ್ತಿದ್ದ ಖಾನಾವಳಿಯ ಹೆಂಗಸರು ಲೇವಾದೇವಿಗಾರರ ಕೈಯಲ್ಲಿ ನಲುಗುತ್ತಿದ್ದಾಗ, ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿ ಅವರಿಗೆ ಬ್ಯಾಂಕಿನ ಬಾಗಿಲು ತೆರೆಸಿದರು. ಬೀದರಿಗೆ ಈ ಮರಾಠಿ ನಂಟು ಹೊಸದೇನಲ್ಲ. ನಿಜಾಮನ ಸೀಮೆಯಾಗಿದ್ದ ಜಿಲ್ಲೆ 1956ರ ನವೆಂಬರ್ 1ರಂದು ಹರಿದು ಹಂಚಿಹೋಯಿತು. ಉದಗೀರ, ನಿಲಂಗಾ ಮರಾಠಿಯ ಕಡೆಗೆ, ಜಹೀರಾಬಾದ್, ನಾರಾಯಣಖೇಡ ತೆಲುಗಿನ ಕಡೆಗೆ ಹೋದವು. ಬೀದರ್, ಭಾಲ್ಕಿ, ಔರಾದ್ ಕನ್ನಡಕ್ಕೆ ಉಳಿದವು. ಗಡಿ ಕಾಗದದ ಮೇಲೆ ಬಿತ್ತು, ಹಂಚಿನ ಮೇಲೆ ಬೀಳಲಿಲ್ಲ. ಇಂದಿಗೂ ಒಂದೇ ರೊಟ್ಟಿಯನ್ನು ಔರಾದಿನ ಮರಾಠಿ ಮನೆಯಲ್ಲಿ ಭಾಕರಿ ಎನ್ನುತ್ತಾರೆ, ಬೀದರಿನ ದಖನಿ ಮಾತಿನ ಮನೆಯಲ್ಲಿ ಜವಾರಿ ರೋಟಿ ಎನ್ನುತ್ತಾರೆ.

‘ಉತ್ತರ ಕರ್ನಾಟಕ ಶೈಲಿ’ ಎಂಬ ಬೋರ್ಡಿನ ಮೇಲೆ ಇನ್ನೊಂದು ತಕರಾರಿದೆ. ಧಾರವಾಡದ ತಟ್ಟೆಯನ್ನೇ ಅದು ಇಡೀ ಉತ್ತರಕ್ಕೆ ಹೊದಿಸಿಬಿಡುತ್ತದೆ. ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಬಂದರೆ ಮುಗಿಯಿತು. ಜೋಳದ ನುಚ್ಚು ಹಾಕಿ ಕುದಿಸಿದ ಹುಳಿಹುಳಿ ಪುಂಡಿಪಲ್ಯ, ಅಗಸಿ ಹಿಂಡಿ ಅಲ್ಲಿ ಬಹುಮಟ್ಟಿಗೆ ಕಾಣಿಸುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲಿ ಉಣ್ಣುವ ಸಜ್ಜಿ ರೊಟ್ಟಿ, ಅಂಬಲಿ, ಹತ್ತಾರು ಸೊಪ್ಪು ಕಾಳು ಕೂಡಿಸಿದ ಭಜ್ಜಿಯಂತೂ ದೂರದ ಮಾತು. ಬೆಂಗಳೂರಿನಲ್ಲಿ ಭಜ್ಜಿ ಕೇಳಿದರೆ ಮೆಣಸಿನಕಾಯಿ ಬಜ್ಜಿ ತಂದಿಡುತ್ತಾರೆ. ಅದರಲ್ಲಿ ಹೋಟೆಲಿನವರ ತಪ್ಪೇನಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಖಡಕ್ ರೊಟ್ಟಿ ಇದೆಯಲ್ಲ, ತಿಂಗಳಿಟ್ಟರೂ ಕೆಡುವುದಿಲ್ಲ, ಪೊಟ್ಟಣದಲ್ಲಿ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಮತ್ತೇಕೆ ಈ ತಕರಾರು? ನಿಜ, ನೀರಿನಂಶ ಪೂರ್ತಿ ಆರಿಸಿದ ಖಡಕ್ ರೊಟ್ಟಿ ಪ್ರಯಾಣಕ್ಕೇ ಹುಟ್ಟಿದ್ದು. ಪಕ್ಕದ ಕಲಬುರಗಿಯಲ್ಲಿ ಜಿಲ್ಲಾಡಳಿತ ಸ್ವಸಹಾಯ ಸಂಘಗಳ ಹೆಂಗಸರನ್ನು ಕೂಡಿಸಿ ‘ಕಲಬುರಗಿ ರೊಟ್ಟಿ’ ಎಂಬ ಬ್ರ್ಯಾಂಡನ್ನೇ ಕಟ್ಟಿದೆ, ಆನ್‌ಲೈನಿನಲ್ಲೂ ಮಾರುತ್ತಿದೆ. ಬೀದರ್ ಆ ದಾರಿ ಹಿಡಿದರೆ ಒಳ್ಳೆಯದೇ. ಆದರೆ ಖಡಕ್ ರೊಟ್ಟಿ ಬಿಸಿರೊಟ್ಟಿಗೆ ಬದಲಿಯಲ್ಲ. ಪಲ್ಯದ ರಸ ಹೀರಿ ಮೆತ್ತಗಾಗುವ ಬಿಸಿರೊಟ್ಟಿ ಬೇರೆ, ಮುರಿದು ಹಿಂಡಿ ಹಚ್ಚಿ ತಿನ್ನುವ ಖಡಕ್ ಬೇರೆ. ಊರಿನಲ್ಲಿ ಎರಡಕ್ಕೂ ಬೇರೆ ಬೇರೆ ಹೊತ್ತಿದೆ. ಯಂತ್ರದಲ್ಲಿ ಒತ್ತಿದರಾಯಿತಲ್ಲ ಎಂಬ ಮಾತಿಗೂ ಇದೇ ಉತ್ತರ. ಒತ್ತುವ ಯಂತ್ರ ರೊಟ್ಟಿಯನ್ನು ಎಲ್ಲ ಕಡೆ ಒಂದೇ ದಪ್ಪ ಮಾಡುತ್ತದೆ. ಕೈ ಹಾಗೆ ಮಾಡುವುದಿಲ್ಲ, ಹಿಟ್ಟು ಇವತ್ತು ಎಷ್ಟು ನೀರು ಕುಡಿಯಿತೆಂದು ನೋಡಿ ಬಡಿತ ಬದಲಿಸುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕೈಯ ಗುಣಗಾನ ಮಾಡುವವರು ಹೊಗೆಯ ಮುಂದೆ ಕೂತು ನೂರಾರು ರೊಟ್ಟಿ ಬಡಿಯುವ ಹೆಂಗಸಿನ ರಟ್ಟೆ ನೋವನ್ನು ಮರೆಯುತ್ತಾರೆ ಎಂಬುದು. ಈ ಮಾತು ಸರಿ. ಮನೆಯ ಸೊಸೆಗೆ ರೊಟ್ಟಿಯ ಕೆಲಸ ತಪ್ಪಿದ್ದು ಎಷ್ಟೋ ಮನೆಗಳಲ್ಲಿ ಬಿಡುಗಡೆಯೇ. ಆದರೆ ಖಾನಾವಳಿಯಲ್ಲಿ ಅದೇ ಕೆಲಸಕ್ಕೆ ಕೂಲಿಯಿದೆ, ಮತ್ತು ಆ ಕೂಲಿ ಏರದಿರಲು ಕಾರಣ ನಾವೇ. ಪಿಜ್ಜಾಕ್ಕೆ ಮುನ್ನೂರು ರೂಪಾಯಿ ಕೊಡುವವರು ರೊಟ್ಟಿ ಊಟಕ್ಕೆ ಇಪ್ಪತ್ತು ರೂಪಾಯಿ ಏರಿದರೆ ಮುಖ ಗಂಟಿಕ್ಕುತ್ತಾರೆ. ನೇಪಲ್ಸಿನವನ ಕೈ ಕಲೆ, ಭಾಲ್ಕಿಯ ಹೆಣ್ಣುಮಗಳ ಕೈ ಅಡುಗೆ ಕೆಲಸ ಎಂಬ ಲೆಕ್ಕ ಎಲ್ಲಿಯವರೆಗೆ ಇರುತ್ತದೋ ಅಲ್ಲಿಯವರೆಗೆ ಈ ಕಸುಬಿಗೆ ಹೊಸಬರು ಬರುವುದಿಲ್ಲ.

ಜೋಳದ ಗತಿಯೂ ನೆಮ್ಮದಿಯದಲ್ಲ. ಬೀದರ್ ಈಗ ರಾಜ್ಯದ ಸೋಯಾ ಜಿಲ್ಲೆ. ಮುಂಗಾರಿಗೆ ಸೋಯಾ, ಉದ್ದು, ತೊಗರಿ, ಹಿಂಗಾರಿಗೆ ಕಡಲೆ. ಬಿಳಿಜೋಳಕ್ಕೆ ಉಳಿದ ಎರೆಭೂಮಿ ವರ್ಷವರ್ಷ ಕರಗುತ್ತಿದೆ. ರೊಟ್ಟಿಗೆ ಜನ ಮೆಚ್ಚುವ ಮಾಲದಂಡಿ ತಳಿಯನ್ನು 1930ರ ದಶಕದಲ್ಲಿ ಸೊಲ್ಲಾಪುರ ಕಡೆಯ ಮೋಹೋಳದಲ್ಲಿ ನಾಟಿ ಜೋಳದಿಂದಲೇ ಆರಿಸಿದ್ದು. 2024-25ರ ಬೆಂಬಲ ಬೆಲೆಯಲ್ಲಿ ಅದಕ್ಕೆ ಕ್ವಿಂಟಲಿಗೆ 3,421 ರೂಪಾಯಿ, ಹೈಬ್ರಿಡ್ ಜೋಳಕ್ಕಿಂತ ಬರೀ 50 ರೂಪಾಯಿ ಹೆಚ್ಚು, ಸೋಯಾಕ್ಕೆ 4,892. ಹಕ್ಕಿ ಕಾಯಬೇಕು, ತೆನೆ ಮುರಿಯಲು ಆಳು ಸಿಗುವುದಿಲ್ಲ, ಕಣಿಕೆ ಮೇಯಲು ಮನೆಯಲ್ಲಿ ಎತ್ತಿಲ್ಲ. ಮೇಲಾಗಿ 2013ರಿಂದ ಅನ್ನಭಾಗ್ಯದ ಅಕ್ಕಿ ಮನೆಗೆ ಬರುತ್ತಿದೆ, ಬಡವರ ಹೊಟ್ಟೆ ತುಂಬಿಸಿದ ಅಕ್ಕಿಯನ್ನು ದೂರುವಂತಿಲ್ಲ. ಆದರೆ ಬೇರೆ ದಾರಿ ಇರಲಿಲ್ಲವೆಂದೂ ಅಲ್ಲ. ಒಂದು ಕಾಲಕ್ಕೆ ಬೀದರ್ ಜಿಲ್ಲೆಯದೇ ಆಗಿದ್ದ ಜಹೀರಾಬಾದಿನ ಪಸ್ತಾಪುರದಲ್ಲಿ, ಕನ್ನಡಿಗರಾದ ಪಿ.ವಿ. ಸತೀಶ್ ಮತ್ತು ಗೆಳೆಯರು 1983ರಲ್ಲಿ ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಂಗಸರು ಪಾಳು ಬಿದ್ದ ಹೊಲಗಳಲ್ಲಿ ಜೋಳ ಬೆಳೆದು, ಊರಿನಲ್ಲೇ ಕಣಜ ತುಂಬಿ, ಊರಿನ ಬಡವರಿಗೆ ಕಡಿಮೆ ದರಕ್ಕೆ ಹಂಚುವ ತಮ್ಮದೇ ಪಡಿತರ ನಡೆಸಿ ತೋರಿಸಿದರು. ಬೀದರಿನಿಂದ ಅದು ಬಸ್ಸಿನಲ್ಲಿ ಹೋಗಿಬರುವಷ್ಟೇ ದೂರ.

ಹೀಗಿರುವಾಗ ಬೆಂಗಳೂರಿನಲ್ಲಿ ಊರಿನ ರೊಟ್ಟಿ ಹುಡುಕುವವರು ಬೋರ್ಡು ನೋಡಿ ಒಳಗೆ ಹೋಗುವುದಕ್ಕಿಂತ, ಹಿಟ್ಟು ಯಾವಾಗ ಬೀಸಿದ್ದು, ರೊಟ್ಟಿ ಬಡಿಯುವವರು ಎಲ್ಲಿಯವರು ಎಂದು ಕೇಳುವುದು ಒಳ್ಳೆಯದು. ಒಳ್ಳೆಯ ಖಾನಾವಳಿಯವರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ಊರಿಗೆ ಹೋಗುವವರಿದ್ದರೆ ಹಿಂಗಾರಿ ಜೋಳ ರಾಶಿಯಾಗುವ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಹೋಗಿ, ಬರುವಾಗ ಬೆಳೆದವರ ಕೈಯಿಂದಲೇ ಕೊಂಡು ಚೀಲ ಕಟ್ಟಿಸಿಕೊಂಡು ಬನ್ನಿ. ಆದರೆ ಹಿಟ್ಟು ತರಬೇಡಿ, ಜೋಳ ತನ್ನಿ. ಗಿರಣಿ ಬೆಂಗಳೂರಿನಲ್ಲೂ ಇದೆ.